ಬಿಳಿ ಮದ್ದಿನ ಬೀಗದ ಕೈ

"ಕುಂಭಾವತಿಯ ಜನರೆಲ್ಲ ಕೇಳಿ. ಗಜಪಾಲ ಮಹಾರಾಜರ ಅಪ್ಪಣೆಯಾಗಿದೆ. ರಾಜಕುಮಾರಿ ಮುದ್ದಾಜಮ್ಮಣ್ಣಿಯವರು ಕೇಳುವ ಮೂರು ಒಗಟು ಬಿಡಿಸಿದವನಿಗೆ ಬಿಳಿ ಮದ್ದಿನ ಉಗ್ರಾಣದ ಬೀಗದ ಕೈ ಕೊಟ್ಟು, ಅರ್ಧ ರಾಜ್ಯದೊಡನೆ ಮಗಳನ್ನು ಧಾರೆಯೆರೆದು ಕೊಡಲಾಗುವುದು. ತಪ್ಪು ಹೇಳಿದವನ ತಲೆ ಹೋಗುತ್ತದೆ. ಎದುರು ಪ್ರಶ್ನೆ ಕೇಳಿದವನದೂ ಹೋಗುತ್ತದೆ."

ಡಂಗುರದವನು ಆರೋಗ್ಯಶಾಲೆಯ ಮುಂದೆ ಹೀಗೆ ಸಾರಿದಾಗ, ಮದ್ದಿನ ಕಿಂಡಿಯಲ್ಲಿ ಕೂತಿದ್ದ ಬೈರಲಿಂಗನ ಕುಟ್ಟಾಣಿ ಸದ್ದು ನಿಲ್ಲಿಸಿತು. ಪಂಡಿತರು ಹೇಳಿದ ಮದ್ದನ್ನು ಅಳೆದು, ತಿನ್ನುವ ಬಗೆ ತಿಳಿಸಿ ಕೊಡುವುದು ಅವನ ಕೆಲಸ. ಒಳಗೆ ಅವನ ಅಕ್ಕ ಪುಟ್ಟನಂಜಿ ಬಾಣಂತಿ ಜ್ವರದಲ್ಲಿ ಬೇಯುತ್ತಿದ್ದಳು.

ಒಂದು ಕಾಲಕ್ಕೆ ಇಂಥ ಜ್ವರಕ್ಕೆ ನೀಲಿ ಮದ್ದು ಸಾಕಾಗುತ್ತಿತ್ತು. ಆದರೆ ಜನ ಅದನ್ನು ನೆಗಡಿಗೆ ತಿಂದರು, ಮದುವೆ ಊಟದ ಅಜೀರ್ಣಕ್ಕೆ ತಿಂದರು. ಆನೆ ಕೊಬ್ಬಲಿ ಎಂದು ಮಾವುತರು ಅನ್ನದುಂಡೆಗೂ ಕಲಸಿದರು. ಕಡೆಗೆ ಯುವರಾಜನ ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ನೀಲಿ ಮದ್ದು ನೀರಿಗಿಂತ ಕಡೆಯಾಯಿತು, ಯುವರಾಜ ತೀರಿಕೊಂಡ. ಪಂಡಿತರು ತಿಣುಕಿ ತಿಣುಕಿ ಬಿಳಿ ಮದ್ದು ಕಂಡುಹಿಡಿದರೆ, ಅದನ್ನು ಕಾಯುವ ಯೋಗ್ಯತೆ ಇರುವವನು ಸಿಗುವವರೆಗೆ ಯಾರಿಗೂ ಇಲ್ಲವೆಂದು ರಾಜ ಬೀಗ ಜಡಿದ.

"ಲೋ ಬೈರ, ನಿನ್ನ ತಲೆ ಹೋದರೆ ಕಿಂಡಿಯಲ್ಲಿ ಯಾರನ್ನು ಕೂರಿಸಲಿ?" ಎಂದರು ಪಂಡಿತರು.

"ಅಕ್ಕನ ಮೈ ಮುಟ್ಟಿ ನೋಡಿ, ಪಂಡಿತರೇ. ಆಮೇಲೆ ಬೇಡ ಅನ್ನಿ."

ಪಂಡಿತರು ಆಗಲೇ ಮುಟ್ಟಿ ನೋಡಿದ್ದರು. ಅವರು ಬೇಡ ಅನ್ನಲಿಲ್ಲ.

ಆಸ್ಥಾನದಲ್ಲಿ ಬೈರಲಿಂಗನಿಗಿಂತ ಮುಂದೆ ಇಬ್ಬರು ನಿಂತಿದ್ದರು: ಸರದಾರ ರಣಮಲ್ಲ ಮತ್ತು ಜವಳಿ ಸಾಹುಕಾರನ ಮಗ ಚಿನ್ನಶೆಟ್ಟಿ. ಬೈರಲಿಂಗನ ಮದ್ದು ಅರೆದು ಅರಿಸಿನ ಹತ್ತಿದ ಬೆರಳು ನೋಡಿ ಚಿನ್ನಶೆಟ್ಟಿ ನಕ್ಕ. "ಏನಯ್ಯಾ, ಮದುವೆ ಶಾಸ್ತ್ರ ಮನೆಯಲ್ಲೇ ಮುಗಿಸಿಕೊಂಡು ಬಂದೆಯಾ?"

ರಾಜಕುಮಾರಿ ಮೊದಲನೆಯದನ್ನು ಕೇಳಿದಳು. "ನನ್ನಲ್ಲೊಂದು ಕತ್ತಿಯಿದೆ. ಬೀಸಿದಷ್ಟೂ ಮೊಂಡಾಗುತ್ತದೆ. ನಾನು ಸುಮ್ಮಸುಮ್ಮನೆ ಬೀಸಿದರೆ, ನಿಮ್ಮ ಮನೆಯಲ್ಲಿರುವ ಅಂಥದೇ ಕತ್ತಿಯೂ ಮೊಂಡಾಗುತ್ತದೆ. ಯಾವುದದು?"

"ಸಿಟ್ಟು," ಎಂದ ಸರದಾರ. "ದಿನಾ ಸಿಟ್ಟಾದರೆ ಯಾರೂ ಹೆದರುವುದಿಲ್ಲ."

"ನೀವು ಸಿಟ್ಟಾದರೆ ಪಕ್ಕದ ಮನೆಯವರ ಸಿಟ್ಟು ಮೊಂಡಾಗುತ್ತದೆಯೇ, ಸರದಾರರೇ?"

ಸರದಾರ ಬಾಯಿ ತೆರೆಯುವಷ್ಟರಲ್ಲಿ ಕಾವಲಿನವರು ಅವನನ್ನು ಎಳೆದೊಯ್ದರು.

ಚಿನ್ನಶೆಟ್ಟಿ ಇನ್ನೂ ಯೋಚಿಸುತ್ತಿದ್ದ. "ಮದ್ದು, ಅಮ್ಮಣ್ಣಿ," ಎಂದ ಬೈರಲಿಂಗ. ರಾಜಕುಮಾರಿ ತಲೆದೂಗಿ ಎರಡನೆಯದನ್ನು ಕೇಳಿದಳು.

"ಹಗೆಯ ಊರಿಗೆ ಮುತ್ತಿಗೆ ಹಾಕಿದೆ. ಕೈಲಾಗದವರೆಲ್ಲ ಸತ್ತರು. ಊರು ತಣ್ಣಗಾಯಿತೆಂದು ಸೇನೆಯನ್ನು ಅರ್ಧಕ್ಕೇ ಹಿಂದೆ ಕರೆದೆ. ಮರುವರ್ಷ ಅಲ್ಲಿಂದ ನನ್ನ ಕತ್ತಿಗೆ ಬಗ್ಗದವರೇ ದಂಡುಗಟ್ಟಿ ಬಂದರು. ಅವರನ್ನು ಸಾಕಿದವರು ಯಾರು?"

"ನೆರೆಯ ರಾಜ. ದುಡ್ಡು ಅವನದೇ," ಎಂದ ಚಿನ್ನಶೆಟ್ಟಿ. ಅವನನ್ನೂ ಎಳೆದೊಯ್ದರು.

"ಸೇನೆ ಹಿಂದೆ ಕರೆದವರೇ ಸಾಕಿದವರು," ಎಂದ ಬೈರಲಿಂಗ. ಅದೂ ಸರಿಯಾಯಿತು. ಸಭೆಯಲ್ಲಿ ಗುಜುಗುಜು ಎದ್ದಿತು.

"ಕಡೆಯದು," ಎಂದಳು ರಾಜಕುಮಾರಿ. "ನಿನ್ನ ಕಿಂಡಿಗೆ ಇಬ್ಬರು ಬಂದಿದ್ದಾರೆ. ಒಬ್ಬರು ದಿವಾನರು, ಇನ್ನೊಬ್ಬ ಲಾಯದ ಆಳು. ಇಬ್ಬರ ಮೈಯೂ ಕೆಂಡ. ಬಿಳಿ ಮದ್ದು ಒಬ್ಬರಿಗಾಗುವಷ್ಟೇ ಇದೆ. ಯಾರಿಗೆ ಕೊಡುತ್ತೀಯ?"

"ದಿವಾನರಿಗೆ ಅನ್ನೋ, ಬದುಕಿಕೊಳ್ತೀಯ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ಬಡವನಿಗೆ ಅನ್ನು, ರಾಜಕುಮಾರಿಗೆ ಕನಿಕರ ಜಾಸ್ತಿ," ಎಂದರು ಇನ್ನೊಬ್ಬರು.

ಬೈರಲಿಂಗ ಎರಡನ್ನೂ ಕೇಳಿಸಿಕೊಂಡ. ಎರಡರಲ್ಲೊಂದು ಹೇಳಿದರೆ ಉಳಿದರೂ ಉಳಿದೇನು, ಅಕ್ಕನೂ ಉಳಿದಾಳು. ಆದರೆ ಊಹೆಯ ಮೇಲೆ ಅವನು ಯಾರಿಗೂ ಒಂದು ಚಿಟಿಕೆ ಮದ್ದು ಕೊಟ್ಟವನಲ್ಲ. ಇಂದು ಕೊಟ್ಟರೆ, ಆ ಬೀಗದ ಕೈಗೆ ತಾನು ತಕ್ಕವನೇ ಅಲ್ಲ.

"ಅಮ್ಮಣ್ಣಿ, ಅವರಿಗೆ ಏನಾಗಿದೆ? ಪಂಡಿತರು ನೋಡಿದರೇ? ಹಿಂದೆ ಯಾವ ಮದ್ದಿಗಾದರೂ ಮೈ ಊದಿಕೊಂಡಿತ್ತೇ?"

ಕಾವಲಿನವರು ಅವನ ರಟ್ಟೆಗೆ ಕೈಹಾಕಿದರು.

"ಬಿಡಿ ಅವನನ್ನು," ಎಂದಳು ರಾಜಕುಮಾರಿ. "ಕೇಳಿದ್ದಕ್ಕೆ ಹೇಳುತ್ತೇನೆ. ಆಳಿಗೆ ನೆಗಡಿ ಜ್ವರ. ದಿವಾನರ ತೊಡೆಯ ಗಾಯ ಕೀವುಗಟ್ಟಿದೆ, ಪಂಡಿತರು ನೋಡಿದ್ದಾರೆ. ಯಾವ ಮದ್ದೂ ಮೈಗೆ ಒಗ್ಗದೆ ಹೋಗಿಲ್ಲ."

"ಹಾಗಾದರೆ ಮದ್ದು ದಿವಾನರಿಗೆ. ಆಳಿಗೆ ಬಿಸಿ ಗಂಜಿ, ಕಂಬಳಿ, ವಿಶ್ರಾಂತಿ."

ರಾಜ ಸಿಂಹಾಸನದಿಂದ ಎದ್ದ. "ಎದುರು ಪ್ರಶ್ನೆ ಕೇಳಿದ್ದಾನಲ್ಲ, ಮಗಳೇ."

"ಆ ಕಟ್ಟಳೆ ಸೇರಿಸಿದವಳು ನಾನೇ, ಅಪ್ಪಾಜಿ. ಹಿಂದಿನ ಉಗ್ರಾಣದವನು ಯಾರನ್ನೂ ಏನನ್ನೂ ಕೇಳದೆ ನೀಲಿ ಮದ್ದನ್ನು ಬೊಗಸೆ ತುಂಬಿ ಕೊಟ್ಟ. ಅಣ್ಣ ಹೋದ. ತಲೆ ಹೋದರೂ ಕೇಳಿಯೇ ಕೊಡುವವನು ನನಗೆ ಬೇಕಾಗಿತ್ತು."

"ಹಾಗಾದರೆ ಉಳಿದೆರಡನ್ನೂ ಬಿಡಿಸಿ ಹೇಳಲಿ. ಗುರಿಯಿಟ್ಟು ಹೊಡೆದನೋ, ಗಾಳಿಯಲ್ಲಿ ಹೊಡೆದನೋ ನೋಡೋಣ."

ಬೈರಲಿಂಗ ಕೈಮುಗಿದ. "ಮಹಾಪ್ರಭು, ಈ ಮದ್ದು ಕೊಲ್ಲುವುದು ಕಣ್ಣಿಗೆ ಕಾಣದ ಕ್ರಿಮಿಗಳನ್ನು. ಬೇಡದ ಕಡೆ ಬಳಸಿದಷ್ಟೂ ಅವು ಅದಕ್ಕೆ ಪಳಗುತ್ತವೆ. ಪಳಗಿದ ಕ್ರಿಮಿ ಒಂದೇ ಮನೆಯಲ್ಲಿ ಉಳಿಯುವುದಿಲ್ಲ, ಊರಿಗೆಲ್ಲ ಹಬ್ಬುತ್ತದೆ. ಅದಕ್ಕೇ ಎಲ್ಲರ ಕತ್ತಿಯೂ ಮೊಂಡು. ಇನ್ನು ಮುತ್ತಿಗೆ. ಜ್ವರ ಬಿಟ್ಟಿತೆಂದು ರೋಗಿ ತಾನೇ ಮದ್ದು ನಿಲ್ಲಿಸಿದರೆ, ಸಾಯದೆ ಉಳಿದವು ಗಟ್ಟಿ ಕ್ರಿಮಿಗಳೇ. ಎಷ್ಟು ದಿನವೆಂದು ಪಂಡಿತರು ಹೇಳಬೇಕು, ಅಷ್ಟೂ ದಿನ ತಿನ್ನುವಂತೆ ನಾನು ತಿಳಿಹೇಳಬೇಕು."

ರಾಜ ಬೀಗದ ಕೈಯನ್ನು ಅವನತ್ತ ಚಾಚಿದ. "ಅರ್ಧ ರಾಜ್ಯ ಯಾವ ದಿಕ್ಕಿನದು ಬೇಕು?"

"ಅದು ಆಮೇಲೆ, ಮಹಾಪ್ರಭು. ಅಕ್ಕ ಕಾಯುತ್ತಿದ್ದಾಳೆ. ಆ ಇಬ್ಬರ ತಲೆ ಮಾತ್ರ ತೆಗೆಯಬೇಡಿ. ಮದ್ದು ಅರೆಯುವುದಕ್ಕೆ ನನಗೆ ಆಳು ಸಾಲದು."

ಅವನು ಬೀಗದ ಕೈ ತೆಗೆದುಕೊಂಡು ಓಡಿದ, ರಾಜಕುಮಾರಿಯೂ ಸೆರಗು ಬಿಗಿದು ಹಿಂದೆಯೇ ನಡೆದಳು. ಪಂಡಿತರು ಪುಟ್ಟನಂಜಿಯ ನಾಡಿ ನೋಡಿ ಪ್ರಮಾಣ ಹೇಳಿದರು, ಬೈರಲಿಂಗ ಬಿಳಿ ಮದ್ದು ಅಳೆದು ಕುಡಿಸಿದ. ಕೆಲವೇ ದಿನಗಳಲ್ಲಿ ಅವಳು ಎದ್ದು ಕೂತು ಮಗುವಿಗೆ ಹಾಲೂಡಿಸಿದಳು. "ಗುಣವಾಯ್ತಲ್ಲೋ, ಇನ್ನೂ ಯಾಕೆ ಈ ಕಹಿ?" ಎಂದು ಅವಳು ಗೊಣಗಿದಳು. ಅವನು ಕೇಳಲಿಲ್ಲ, ಪಂಡಿತರು ಸಾಕೆನ್ನುವವರೆಗೂ ಕುಡಿಸಿದ.

ಮದುವೆಯಾಯಿತು. ಸರದಾರನೂ ಚಿನ್ನಶೆಟ್ಟಿಯೂ ಮದ್ದು ಅರೆದು ಅರೆದು ಬೆರಳು ಅರಿಸಿನ ಮಾಡಿಕೊಂಡರು. ಮುಂದಿನ ಚಳಿಗಾಲದಲ್ಲಿ ಗಜಪಾಲ ಮಹಾರಾಜರೇ ಮೂಗೊರೆಸಿಕೊಳ್ಳುತ್ತ ಕಿಂಡಿಗೆ ಬಂದರು.

"ಅಳಿಯಂದಿರೇ, ಒಂದು ಚಿಟಿಕೆ ಬಿಳಿ ಮದ್ದು."

"ಪಂಡಿತರು ನೋಡಿದರೇ, ಮಾವ?"

"ಬರೀ ನೆಗಡಿ ಅಂದರು. ನಾನು ರಾಜ ಕಣಯ್ಯ."

"ಗೊತ್ತು," ಎಂದು ಬೈರಲಿಂಗ ಶುಂಠಿ ಕಷಾಯದ ಬಟ್ಟಲು ಚಾಚಿದ. "ಕುಡಿದು ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಹಿಂದೆ ಜನ ನಿಂತಿದ್ದಾರೆ."

ರಾಜ ನಿಂತಲ್ಲೇ ಕುಡಿದ, ಮುಖ ಸಿಂಡರಿಸಿದ, ಆಮೇಲೆ ಅರಮನೆಯವರೆಗೂ ಗಟ್ಟಿಯಾಗಿ ನಗುತ್ತಲೇ ಹೋದ.