ಮುಖ ತೊಳೆಯುವ ಕೊಡ

“ಮೂರರಾಗ ಯಾವುದನ್ನ ಬಿಡಲಿ, ಮಾಸ್ತರ್?”

ದಾನೇಶ್ವರಿ ಬಾಗಿಲಲ್ಲಿ ನಿಂತೇ ಕೇಳಿದಳು. ಕೂತು ಕೇಳುವಷ್ಟು ತಾಳ್ಮೆ ಎರಡು ವಾರದಿಂದ ಅವಳಲ್ಲಿ ಇರಲಿಲ್ಲ.

ಫಕೀರಪ್ಪ ಮಾಸ್ತರು ಚಾಪೆಯ ಮೇಲೆ ಕೂತು ಹರಿದ ಪರದೆಗೆ ಹೊಲಿಗೆ ಹಾಕುತ್ತಿದ್ದರು. ಅವರು ಯಾವ ಶಾಲೆಯ ಮಾಸ್ತರೂ ಅಲ್ಲ. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಗಿರಣಿ ಮುಚ್ಚಿದ ಮೇಲೆ ಅದರ ಖಾಲಿ ಗೋದಾಮಿನಲ್ಲಿ ಊರಿನ ಹುಡುಗ ಹುಡುಗಿಯರಿಗೆ ಬೀದಿ ನಾಟಕ ಕಲಿಸುತ್ತಿದ್ದರು.

“ಯಾವ ಮೂರು?”

“ಗೊತ್ತಿದ್ದೂ ಕೇಳ್ತೀರಿ.” ಅವಳು ಬೆರಳು ಮಡಚಿದಳು. “ಒಂದು ನಾಟಕ. ಎರಡು ಶಾಂತಿ ಸಮಿತಿ. ಮೂರು, ಉಳಿದ ಹೋರಾಟ ಎಲ್ಲಾ. ಕಾಲೇಜಿನ್ಯಾಗ ಹುಡುಗ್ಯಾರ ಶೌಚಾಲಯ, ಸಾರಾಯಿ ಅಂಗಡಿ, ಬಸ್ ಪಾಸು. ಪರೀಕ್ಷಾ ಹತ್ರ ಬಂತು, ಒಂದು ಇಟ್ಕೊಂಡು ಎರಡು ಬಿಡು ಅಂತಾನ ಅಪ್ಪ. ಮೂರೂ ಬಿಡು ಅಂತಾಳ ಅವ್ವ. ನೀವು ಹೇಳ್ರಿ.”

“ನಿಮ್ಮ ಕಾಕಾ ಏನಂತಾನ?”

ಮಡಚಿದ ಬೆರಳು ಮಡಚಿದಂತೆಯೇ ನಿಂತವು. “ಕಾಕಾ ಏನೂ ಅಂದಿಲ್ಲ.”

ಮಾಸ್ತರು ಸೂಜಿಗೆ ದಾರ ಪೋಣಿಸತೊಡಗಿದರು.

ದಾನೇಶ್ವರಿಗೆ ಹದಿನೇಳು. ಅವಳನ್ನು ಹೊಗಳದವರು ಊರಲ್ಲಿ ಇರಲಿಲ್ಲ. ಹದಿನೇಳರ ಹುಡುಗಿ ಬಸ್ ನಿಲ್ದಾಣದಲ್ಲಿ ನಿಂತು ಶಾಂತಿಯ ಮಾತಾಡಿದರೆ ಹೊಗಳುವುದು ಸುಲಭ. ಶಾಂತಿಗಾಗಿ ನಿಮ್ಮ ಓಣಿಯ ನೀರಿನ ಸರದಿಯಲ್ಲಿ ಒಂದು ತಾಸು ಬಿಟ್ಟುಕೊಡಿ ಎಂದರೆ, ಚಪ್ಪಾಳೆ ಹೊಡೆದ ಅದೇ ಜನ ಕೊಡ ಎತ್ತಿಕೊಂಡು ಹೊಡೆಯಲು ಬರುತ್ತಾರೆ. ಎರಡು ವಾರದ ಹಿಂದೆ ಆ ಸರದಿಗಾಗಿಯೇ ಹೊಡೆದಾಟ ಆಗಿತ್ತು.

ಅವಳ ಓಣಿಗೂ ಪಿಂಜಾರ ಓಣಿಗೂ ನಡುವೆ ಇದ್ದದ್ದು ಒಂದೇ ನಲ್ಲಿ. ಆರು ದಿನದ ಮೇಲೆ ಅವತ್ತು ನೀರು ಬಂದಿತ್ತು. ಸರದಿಗಾಗಿ ಜಗಳ ಹತ್ತಿತು. ಮಾತು ನೀರಿನಿಂದ ಜಾತಿಗೆ ಹೋಯಿತು, ಜಾತಿಯಿಂದ ದೇವರಿಗೆ ಹೋಯಿತು. ಆಮೇಲೆ ಒಂದು ಕಲ್ಲು ಹಾರಿತು. ಹಾಲು ಹಾಕಲು ಬಂದಿದ್ದ ಮುದುಕನ ತಲೆ ಒಡೆಯಿತು. ಪೊಲೀಸರು ಬಂದರು. ಹಾಸಿಗೆ ಹೊಲಿಯುವ ಪಿಂಜಾರ ರಾಜಾಸಾಬನನ್ನು ಹಿಡಿದುಕೊಂಡು ಹೋದರು. ಅವನೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವರಿಗೆ ಉತ್ತರ ಬೇಕಿರಲಿಲ್ಲ.

ರಾಜಾಸಾಬನ ಮಗಳು ಹುಸೇನಬಿ ಇದೇ ತಂಡದಲ್ಲಿ ಹಲಗೆ ಬಾರಿಸುತ್ತಿದ್ದಳು. ಈಗ ಕಾಲೇಜು ಬಿಟ್ಟು, ಅಪ್ಪನ ಜಾಗದಲ್ಲಿ ಕೂತು ಹತ್ತಿ ಹಿಂಜುತ್ತಿದ್ದಳು. ಅವಳ ಹಲಗೆ ಗೋದಾಮಿನ ಗೋಡೆಯ ಮೊಳೆಗೆ ತೂಗುಬಿದ್ದಿತ್ತು.

ನಾಳೆ ಹನ್ನೊಂದು ಗಂಟೆಗೆ ತಹಶೀಲ್ದಾರರು ಕಚೇರಿಯಲ್ಲಿ ಹೇಳಿಕೆ ತೆಗೆದುಕೊಳ್ಳುವವರಿದ್ದರು. ಕಲ್ಲು ಎಸೆದವರನ್ನು ನೋಡಿದವರು ಬಂದು ಹೇಳಬೇಕು. ಎರಡೂ ಓಣಿಯಲ್ಲಿ ನೋಡಿದೆ ಎಂದವರು ಒಬ್ಬರೂ ಇರಲಿಲ್ಲ. ಯಾರೂ ಬರದಿದ್ದರೆ ಎಸೆದವನು ರಾಜಾಸಾಬನೇ ಎಂದಾಗುತ್ತಿತ್ತು.

ದಾನೇಶ್ವರಿ ನೋಡಿದ್ದಳು.

ಅವತ್ತು ಅವಳು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ಕಲ್ಲು ಎತ್ತಿದ ಕೈ ಕಂಡಿತು. ಅದು ಅವಳ ಕಾಕಾನ ಕೈ. ‘ಹೆಣ್ಣುಹುಡುಗಿ ಬೀದ್ಯಾಗ ಕುಣಿಯೋದೇನು’ ಎಂದು ಅಪ್ಪ ಕೂಗಾಡಿದಾಗ ಅಡ್ಡ ನಿಂತವನು ಆ ಕಾಕಾ. ಇಡೀ ತಂಡವನ್ನು ತನ್ನ ಟೆಂಪೋದಲ್ಲಿ ಹಾಕಿಕೊಂಡು ಊರೂರು ತಿರುಗಿಸಿದವನು ಅವನು. ಅವಳು ಒದ್ದೆ ಸೀರೆಯ ಹಿಂದೆ ಕುಕ್ಕರಿಸಿ ಕೂತಳು. ಗಲಾಟೆ ಮುಗಿಯುವವರೆಗೂ ಏಳಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಬದಲು ಎರಡು ವಾರದಲ್ಲಿ ಒಂಬತ್ತು ಕಡೆ ಶಾಂತಿಯ ನಾಟಕ ಆಡಿದಳು. ಶೌಚಾಲಯಕ್ಕಾಗಿ ಸಹಿ ಕೂಡಿಸಿದಳು. ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತಳು. ನಿಂತಲ್ಲಿ ನಿಲ್ಲಲಿಲ್ಲ. ಆ ನಾಟಕದಲ್ಲಿ ಅವಳದು ಒಂದು ಮಾತಿತ್ತು: ‘ನಾ ಕಣ್ಣಾರೆ ನೋಡೀನಿ.’ ಒಂಬತ್ತು ಕಡೆಯೂ ಆ ಮಾತು ಬಂದಾಗ ಅವಳ ಕಣ್ಣು ತಾನಾಗಿ ಮೇಲಕ್ಕೆ, ಸುತ್ತಲಿನ ಮಾಳಿಗೆಗಳ ಕಡೆಗೆ ಹೋಗುತ್ತಿತ್ತು. ಆಮೇಲೆ ಬಾಯಿಂದ ಮಾತು ಬರುತ್ತಿತ್ತು. “ಮ್ಯಾಲ ಹೆಲಿಕಾಪ್ಟರ್ ಬಂತೇನ?” ಎಂದು ತಂಡದವರು ನಗುತ್ತಿದ್ದರು.

ಮಾಸ್ತರು ಮಾತ್ರ ನಕ್ಕಿರಲಿಲ್ಲ. ಅವಳ ಕಣ್ಣು ಹೋದ ಕಡೆ ತಾವೂ ನೋಡಿದ್ದರು.

“ಕೂಡು,” ಎಂದರು ಈಗ. “ಒಂದು ಕತಿ ಹೇಳ್ತೀನಿ.”

“ನಾ ಕತಿ ಕೇಳಾಕ ಬಂದಿಲ್ಲ. ಉತ್ತರ ಕೇಳಾಕ ಬಂದೀನಿ.”

“ಹಂಗಾರ ನಿಂತ ಕೇಳು. ಕಾಲು ನಿನ್ನವು.”

ಅವಳು ಕೂರಲಿಲ್ಲ. ಮೊಳೆಯಿಂದ ಹಲಗೆ ತೆಗೆದುಕೊಂಡಳು. ಬಾರಿಸಲೂ ಇಲ್ಲ, ಇಡಲೂ ಇಲ್ಲ. ಬೆರಳು ಅದರ ಚರ್ಮದ ಮೇಲೆ ಸಣ್ಣಗೆ ಕುಣಿಯುತ್ತಿದ್ದವು. ಮಾಸ್ತರು ಕತೆ ಸುರು ಮಾಡಿದರು.

ಒಂದು ಹಳ್ಳದ ಆಚೆ ಒಂದು ಊರು, ಈಚೆ ಒಂದು ಊರು. ಎರಡಕ್ಕೂ ಮಾತಿಲ್ಲ. ಈಚೆಯವನು ಆಚೆ ಕಾಲಿಟ್ಟರೆ ಕಾಲು ಮುರಿಯುತ್ತಿದ್ದರು. ಆಚೆಯವನು ಈಚೆ ಬಂದರೂ ಅಷ್ಟೇ.

ವೇಷ ಹಾಕಿದವರಿಗೆ ಮಾತ್ರ ಈ ಕಟ್ಟು ಇರಲಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡು ಮನೆಮನೆಗೆ ಬರುವ ಹಗಲುವೇಷದವರನ್ನು ಯಾರೂ ತಡೆಯುವಂತಿಲ್ಲ. ಯಾವ ಊರು, ಯಾರ ಮಗ ಎಂದು ಕೇಳಿದರೆ ವೇಷ ಉತ್ತರ ಕೊಡಬೇಕಾಗಿಲ್ಲ. ಬಂದ ವೇಷಕ್ಕೆ ನೀರು ಕೊಡಬೇಕು. ಇದು ಎರಡೂ ಊರಿನ ಪದ್ಧತಿ.

ಇನ್ನೊಂದು ಪದ್ಧತಿ ಇತ್ತು. ಹಳ್ಳದ ದಂಡೆಯಲ್ಲಿ ನ್ಯಾಯದ ಕಟ್ಟೆ. ಜಗಳ ಎಷ್ಟೇ ಇರಲಿ, ಕಟ್ಟೆ ಎರಡೂ ಊರಿಗೆ ಒಂದೇ. ಅದರ ಮೇಲೆ ಒಂದು ಕೊಡ ನೀರು ಇಟ್ಟಿರುತ್ತಿದ್ದರು. ಸಾಕ್ಷಿ ಹೇಳುವವರು ಮೊದಲು ಎಲ್ಲರ ಎದುರು ಮುಖ ತೊಳೆಯಬೇಕು. ರೈತ ಮಣ್ಣು ತೊಳೆಯುತ್ತಿದ್ದ. ಕಮ್ಮಾರ ಮಸಿ ತೊಳೆಯುತ್ತಿದ್ದ. ಈ ಮಾತು ಯಾರ ಬಾಯಿಂದ ಬಂತು ಎಂಬುದು ನೆರೆದವರಿಗೆ ಕಾಣಬೇಕು. ಅಷ್ಟೇ ಅದರ ಅರ್ಥ.

ಈಚೆ ಊರಲ್ಲಿ ಒಬ್ಬ ಹುಡುಗಿ ಇದ್ದಳು. ಅವಳಿಗೆ ವೇಷದ ಹುಚ್ಚು. ಅವಳ ಅಣ್ಣ ಕಲ್ಲಿನ ಮೇಲೆ ಬಣ್ಣ ಅರೆದು ಕೊಡುತ್ತಿದ್ದ. ಅವಳು ಬೈರಾಗಿಯ ವೇಷ ಹಾಕಿಕೊಂಡು ಹಳ್ಳ ದಾಟಿದಳು. ಜಗಳ ಬಿಡಿರಪ್ಪಾ ಎಂದು ಹಾಡಿದಳು. ಆಚೆಯವರು ಅತ್ತರು. ಮರಳಿ ಬಂದು ಈಚೆಯೂ ಹಾಡಿದಳು. ಈಚೆಯವರೂ ಅತ್ತರು. ಅತ್ತವರು ಮನೆಗೆ ಹೋಗಿ ಕುಡಗೋಲು ಮಸೆದರು.

ಹುಡುಗಿಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಮರ ಕಡಿಯುವುದನ್ನು ಕಂಡರೆ ಮರದ ವೇಷ ಹಾಕಿದಳು. ಕಾಳು ಬಚ್ಚಿಟ್ಟವನನ್ನು ಕಂಡರೆ ಹಸಿವಿನ ವೇಷ ಹಾಕಿ ಅವನ ಬಾಗಿಲಲ್ಲಿ ಕೂತಳು. ದಿನಕ್ಕೊಂದು ಸಂಕಟ, ಸಂಕಟಕ್ಕೊಂದು ವೇಷ. ಎರಡೂ ಊರು ಅವಳನ್ನು ನಮ್ಮ ಮಗಳು ಎಂದವು. ಬಣ್ಣ ಇದ್ದಾಗ ಮಾತ್ರ.

ಆಚೆ ಊರಿನ ಕುಂಬಾರನ ಹೆಂಡತಿ ಅವಳಿಗೆ ನಿತ್ಯ ನೀರು ಕೊಡುತ್ತಿದ್ದಳು. ಒಂದು ದಿನ ಕೇಳಿದಳು: “ಯಾರ ಮಗಳವ್ವ ನೀ? ಎರಡು ಕಣ್ಣು ಬಿಟ್ಟರ ನಿಂದು ಏನೂ ಕಾಣವಲ್ಲದು.”

ವೇಷ ಉತ್ತರ ಕೊಡಬೇಕಾಗಿಲ್ಲ. ಹುಡುಗಿ ನಕ್ಕು ನೀರು ಕುಡಿದು ಎದ್ದಳು.

ಅದೇ ವರ್ಷ ಹಳ್ಳದ ಒಡ್ಡನ್ನು ಯಾರೋ ಒಡೆದರು. ಈಚೆಯ ಹೊಲಗಳಿಗೆ ನೀರು ನುಗ್ಗಿತು. ಕುಂಬಾರ ದಿನಾ ಅಲ್ಲಿಂದಲೇ ಮಣ್ಣು ಒಯ್ಯುತ್ತಿದ್ದ. ಅವನೇ ಒಡೆದದ್ದು ಎಂದರು. ತಪ್ಪು ಅವನದೆಂದು ಆದರೆ ಅವನ ಮಡಕೆ ಮಾಡುವ ತಿಗರಿ ಮುರಿಯಬೇಕು, ಹೆಂಡತಿ ಮಕ್ಕಳ ಸಮೇತ ಊರು ಬಿಡಿಸಬೇಕು.

ಒಡ್ಡು ಒಡೆದವನು ಹುಡುಗಿಯ ಅಣ್ಣ. ಆಚೆಯವರ ಮೇಲೆ ಜಗಳ ತೆಗೆಯಲು ಒಂದು ನೆಪ ಬೇಕಿತ್ತು, ಒಡೆದಿದ್ದ. ಅವಳು ಜಾಲಿಯ ಮರೆಯಲ್ಲಿ ನಿಂತು ಕಣ್ಣಾರೆ ನೋಡಿದ್ದಳು.

ಹಲಗೆಯ ಮೇಲೆ ದಾನೇಶ್ವರಿಯ ಬೆರಳು ಒಂದು ಪೆಟ್ಟು ತಪ್ಪಿದವು. ಮಾಸ್ತರು ತಲೆ ಎತ್ತಲಿಲ್ಲ. ಹೊಲಿಯುತ್ತಲೇ ಮುಂದೆ ಹೇಳಿದರು.

ನ್ಯಾಯದ ದಿನ ಬಂತು. ಹುಡುಗಿ ಬೆಳಗಿನಿಂದ ಒದ್ದಾಡಿದಳು. ಹೇಳಬೇಕು ಅನ್ನಿಸಿತು. ಹೇಳಲು ಧೈರ್ಯ ಬರಲಿಲ್ಲ. ಅವಳಿಗೆ ಧೈರ್ಯ ಬರುತ್ತಿದ್ದದ್ದು ಒಂದೇ ದಾರಿಯಿಂದ. ಅಣ್ಣ ಅರೆದಿಟ್ಟ ಬಣ್ಣ ತೆಗೆದುಕೊಂಡಳು. ಎಂದೂ ಬಳಿಯದಷ್ಟು ದಪ್ಪ ಬಳಿದಳು. ಸತ್ಯದ ವೇಷ ಎಂದು ತಾನೇ ಹೆಸರಿಟ್ಟಳು. ಕಟ್ಟೆಗೆ ಹೋದಳು.

ವೇಷವನ್ನು ತಡೆಯುವಂತಿಲ್ಲ. ಕಟ್ಟೆಯ ಹಿರಿಯ ತಡೆಯಲಿಲ್ಲ.

ಹುಡುಗಿ ಎಲ್ಲವನ್ನೂ ಹೇಳಿದಳು. ಒಡ್ಡು, ಸಲಿಕೆ, ಜಾಲಿ, ಅಣ್ಣನ ಅಂಗಿಯ ಬಣ್ಣ, ಒಂದನ್ನೂ ಬಿಡಲಿಲ್ಲ. ಅಂಥ ಆಟವನ್ನು ಅವಳು ಹಿಂದೆ ಆಡಿರಲಿಲ್ಲ. ಆಚೆಯವರು ಅತ್ತರು. ಈಚೆಯವರೂ ಅತ್ತರು. ಕುಂಬಾರನ ಹೆಂಡತಿ ಎದ್ದು ನಿಂತಳು. ಹಿರಿಯನೂ ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಆಮೇಲೆ ಅವನು ಕೇಳಿದ: “ಆಟ ಭಾಳ ಚಂದ ಇತ್ತವ್ವ. ಇನ್ನ ಸಾಕ್ಷಿ ಯಾರರ ಅದಾರೇನು?”

ಕಟ್ಟೆಯ ಮೇಲೆ ಕೊಡ ಇತ್ತು. ಅದನ್ನು ಮಾಡಿದವನು ಆ ಕುಂಬಾರನೇ. ನೀರು ತುಂಬಿತ್ತು. ಅವಳಿಂದ ಮೂರು ಹೆಜ್ಜೆ. ಕೊಡದ ಆಚೆ ಅವಳ ಅಣ್ಣ ನಿಂತಿದ್ದ. ಸಿಟ್ಟಾಗಿರಲಿಲ್ಲ. ಸಣ್ಣವಳಿದ್ದಾಗ ಅವಳನ್ನು ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದ.

ಹುಡುಗಿ ಕೊಡ ನೋಡಿದಳು. ಅಣ್ಣನನ್ನು ನೋಡಿದಳು. ಆಟ ಮುಗಿದಾಗ ವೇಷದವರು ಮಾಡುವಂತೆ ಎಲ್ಲರಿಗೂ ಬಾಗಿ ಕೈಮುಗಿದಳು. ಇಳಿದು ಹೋದಳು.

ಹೊತ್ತು ನೆತ್ತಿಗೆ ಬರುವುದರೊಳಗೆ ತಿಗರಿ ಮುರಿದರು.

ಮಾಸ್ತರು ಅಲ್ಲಿಗೆ ಕತೆ ನಿಲ್ಲಿಸಿದರು. ಪರದೆಯ ಹರಕು ಇನ್ನು ಒಂದು ಗೇಣು ಉಳಿದಿತ್ತು.

“ಮುಂದ?” ಎಂದಳು ದಾನೇಶ್ವರಿ.

“ಮುಂದೇನು? ಆಕಿ ಆಡೋದು ಬಿಡಲಿಲ್ಲ. ಆ ಕುಂಬಾರನ ಕತಿನ ಆಟ ಮಾಡಿದಳು. ನೂರು ಊರಾಗ ಆಡಿದಳು. ಎಲ್ಲಾ ಊರಾಗ ಮಂದಿ ಅತ್ತರು.”

“ಕುಂಬಾರ?”

“ಯಾವುದರ ಒಂದು ಊರಾಗ ನೋಡಾಕ ಬಂದಿದ್ದರೂ ಬಂದಿರಬೇಕು. ಬಣ್ಣದಾಗ ಆಕಿಗೆ ಮಂದಿ ಮುಖ ಸರಿಯಾಗಿ ಕಾಣತಿರಲಿಲ್ಲ.”

ದಾನೇಶ್ವರಿ ಗೋದಾಮಿನ ಆ ತುದಿಗೆ ಹೋದಳು. ಈ ತುದಿಗೆ ಬಂದಳು. ಹಲಗೆ ಕೈಯಲ್ಲೇ ಇತ್ತು. ಬೆರಳು ಈಗ ಜೋರಾಗಿಯೇ ಬಡಿಯುತ್ತಿದ್ದವು. ಅವಳಿಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಮಾಸ್ತರ ಮೇಲೆ ಅದಕ್ಕಿಂತ ಹೆಚ್ಚು ಬಂತು. ಮೂರು ಹೆಜ್ಜೆ. ಮೂರೇ ಹೆಜ್ಜೆ ಇತ್ತು.

“ಹೇಡಿ ಆಕಿ.”

“ಇರಬಹುದು. ಆದರ ಚಂದ ಆಡ್ತಿದ್ದಳು.”

“ಚ್ಯಾಷ್ಟಿ ಮಾಡಬ್ಯಾಡ್ರಿ ಮಾಸ್ತರ್.” ಅವಳು ಅವರ ಎದುರಿಗೆ ಬಂದು ನಿಂತಳು. “ನೇರ ಹೇಳ್ರಿ. ಆಕಿ ವೇಷ ಹಾಕಿದ್ದ ತಪ್ಪು, ಹೌದಲ್ಲ? ಹಾಡು ಹೇಳಿದ್ದ ತಪ್ಪು. ಕಂಡವರ ಸಂಕಟಕ್ಕ ಓಡಿದ್ದ ತಪ್ಪು. ಹಂಗಾರ ನಾನೂ ಮೂರೂ ಬಿಡಬೇಕು. ಅವ್ವ ಹೇಳಿದ್ದ ಖರೆ. ಅಷ್ಟ ಹೇಳಾಕ ಇಷ್ಟು ದೊಡ್ಡ ಕತಿ ಯಾಕ ಬೇಕಿತ್ತು?”

ಮಾಸ್ತರು ದಾರವನ್ನು ಹಲ್ಲಿನಿಂದ ಕಡಿದರು. ಪರದೆ ಮಡಚಿ ಬದಿಗಿಟ್ಟರು. ಆ ಮಧ್ಯಾಹ್ನದಲ್ಲಿ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದರು.

“ಮೂರೂ ಇಟ್ಕೋ, ದಾನಿ. ಬಿಡೋದಿದ್ದರ ಆ ಮಾಳಿಗಿ ಬಿಟ್ಟು ಕೆಳಗ ಇಳಿ.”

ಹಲಗೆಯ ಮೇಲೆ ಅವಳ ಬೆರಳು ನಿಂತವು.