ತೊಟ್ಟು ಹಳತಾದ ಅಂಗಿ

“ಬುದ್ಧಿ, ಮಕ್ಕಳಿಗೆ ಗಿಡ್ಡವಾದ ಬಟ್ಟೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾಗುತ್ತದೆಯೇ?” ಎಂದು ಶಿಷ್ಯ ಚೆನ್ನವೀರಯ್ಯ ಕೇಳಿದ.

ಗುರುಗಳು ಮಠದ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಈ ಅನುಮಾನ ಎಲ್ಲಿಂದ ಬಂತಪ್ಪ?” ಎಂದರು.

“ನಮ್ಮ ಮನೆಗೆ ದಿನಾ ಸೊಪ್ಪು ತರುವ ಹೆಂಗಸು, ನಿಮ್ಮ ಮಗಳ ಹಳೆಯ ಲಂಗ ಇದ್ದರೆ ನನ್ನ ಮಗುವಿಗೆ ಕೊಡಿ ಎಂದಳು. ನನ್ನ ಹೆಂಡತಿ ಗಂಟು ಕಟ್ಟಿಯೂ ಇಟ್ಟಳು. ನಾನೇ ತಡೆದೆ. ನಮಗೆ ಬೇಡವಾದದ್ದನ್ನು ಕೊಟ್ಟು ಪುಣ್ಯ ಬಂತು ಎಂದುಕೊಂಡರೆ ಆದೀತೇ? ಕೊಡುವುದಾದರೆ ಹೊಸದನ್ನೇ ಕೊಡಬೇಕಲ್ಲವೇ?”

“ಭೇಷ್, ದೊಡ್ಡ ಮನಸ್ಸು ನಿನ್ನದು! ಇಲ್ಲಿ ಕೂತು ನೀನೂ ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ,” ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಹೆಂಡತಿ ದೂರದ ಸೀಮೆಯಿಂದ ಮದುವೆಯಾಗಿ ಬಂದವಳು. ಬಹಳ ವರ್ಷ ಕಾದ ಮೇಲೆ ಅವರಿಗೆ ಒಬ್ಬ ಮಗ ಹುಟ್ಟಿದ್ದ. ಹುಡುಗ ಗಟ್ಟಿಮುಟ್ಟಾಗಿದ್ದ, ಬೀದಿ ತುಂಬ ಕುಣಿದಾಡಿಕೊಂಡಿದ್ದ. ಅವನು ಕೂಸಾಗಿದ್ದಾಗ ತೊಟ್ಟ ಅಂಗಿ, ಕುಲಾವಿಗಳನ್ನೆಲ್ಲ ತಾಯಿ ಒಗೆದು ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಆಗಾಗ ತೆಗೆದು ನೋಡುತ್ತಿದ್ದಳು. ಇಷ್ಟು ಪುಟ್ಟ ತೋಳಿನಲ್ಲಿ ನನ್ನ ಮಗನ ಕೈ ಹಿಡಿಸುತ್ತಿತ್ತೇ ಎಂದು ಅವಳಿಗೆ ಸೋಜಿಗ. ತಪ್ಪೇನಲ್ಲ ಬಿಡು, ಹೆತ್ತ ಕರುಳು.

ಅದೇ ಬೀದಿಯಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಎರಡು ಸಲ ಹೆತ್ತಿದ್ದಳು. ಪಾಪ, ಎರಡು ಕೂಸೂ ತೊಟ್ಟಿಲಿಗೆ ಹಾಕುವ ಮೊದಲೇ ತೀರಿಹೋಗಿದ್ದವು. ಈಗ ಮತ್ತೆ ಬಸುರಿ, ದಿನ ತುಂಬಿತ್ತು. ಆ ಊರಿನಲ್ಲಿ ಒಂದು ರೂಢಿಯಿತ್ತು. ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಚೆನ್ನಾಗಿ ಬದುಕಿ ಬೆಳೆದ ಮಗುವಿನ ಹಳೆಯ ಅಂಗಿಯನ್ನು ಕೇಳಿ ತಂದು ತೊಡಿಸುತ್ತಿದ್ದರು. ಆ ಮಗುವಿನ ಆಯುಸ್ಸು ಈ ಮಗುವಿಗೂ ಬರಲಿ ಎಂದು. ಆದರೆ ಯಾಕೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಬಸುರಿಯ ಬಾಯಲ್ಲಿ ಸಾವಿನ ಮಾತು ಬರಬಾರದಲ್ಲ! ದೂರದಿಂದ ಬಂದ ವ್ಯಾಪಾರಿಯ ಹೆಂಡತಿಗೆ ಈ ರೂಢಿ ತಿಳಿಯದು.

ನೇಕಾರನ ಹೆಂಡತಿ ವ್ಯಾಪಾರಿಯ ಮನೆಗೆ ಬಂದಳು. “ಅಕ್ಕಾ, ನಿಮ್ಮ ಮಗ ತೊಟ್ಟು ಹಳತಾದ ಅಂಗಿ ಒಂದಿದ್ದರೆ ಕೊಡಿ,” ಎಂದಳು.

“ಅಯ್ಯೋ, ಹಳೇದನ್ನು ನಿನ್ನ ಕೈಗೆ ಹಾಕಲೇ? ಜವಳಿ ಅಂಗಡಿ ಇಟ್ಟುಕೊಂಡು ಹಾಗೆ ಮಾಡಿದರೆ ಜನ ಆಡಿಕೊಳ್ಳುತ್ತಾರೆ ಕಣಮ್ಮ,” ಎಂದು ವ್ಯಾಪಾರಿಯ ಹೆಂಡತಿ ಅಂಗಡಿಯಿಂದ ಹೊಸ ರೇಷ್ಮೆ ಅಂಗಿ ತರಿಸಿ ಕೊಟ್ಟಳು. ಬಸುರಿ ಏನೋ ಹೇಳಹೋಗಿ ನುಂಗಿಕೊಂಡಳು. ತೆಗೆದುಕೊಂಡು ಹೋದಳು.

ಸ್ವಲ್ಪ ದಿನ ಬಿಟ್ಟು ಮತ್ತೆ ಬಂದಳು. “ಹರಿದಿದ್ದರೂ ಆದೀತು ಅಕ್ಕಾ,” ಎಂದಳು. ಪಾಪ, ಎಷ್ಟು ಸಂಕೋಚ ಇವಳಿಗೆ ಎಂದುಕೊಂಡು ಆಕೆ ಇನ್ನೂ ಒಂದು ಹೊಸ ಅಂಗಿ, ಜೊತೆಗೆ ಜರಿಯ ಕುಲಾವಿ ಕೊಟ್ಟು ಕಳಿಸಿದಳು. ಬೀದಿಯ ಜನ ಕೊಂಡಾಡಿದರು. ಅವಳಿಗೂ ಹಿಗ್ಗಾಯಿತು. ಮನೆಯ ಪೆಟ್ಟಿಗೆ ಮಾತ್ರ ಮುಚ್ಚಿದ ಹಾಗೇ ಇತ್ತು. ಹಳೆಯದನ್ನು ಕೊಡಲು ನಾಚಿಕೆ ಎಂದಳಲ್ಲ, ಒಳಗೊಳಗೆ ಮನಸ್ಸೂ ಇರಲಿಲ್ಲ.

ನೇಕಾರನಿಗೆ ಹೆಣ್ಣು ಕೂಸಾಯಿತು. ವ್ಯಾಪಾರಿಯ ಹೆಂಡತಿ ಕೊಬ್ಬರಿ, ಬೆಲ್ಲ ತೆಗೆದುಕೊಂಡು ನೋಡಲು ಹೋದಳು. ಕೂಸಿನ ಮೈಮೇಲೆ ಅಂಗಿಯಿಲ್ಲ. ತಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮಲಗಿದ್ದಳು. ಕೊಟ್ಟ ಅಂಗಿಗಳು ಗೂಡಿನಲ್ಲಿ ಮಡಿಸಿದಂತೆಯೇ ಇದ್ದವು.

“ಯಾಕಮ್ಮ, ನಾನು ಕೊಟ್ಟದ್ದು ಹಿಡಿಸಲಿಲ್ಲವೇ?”

ಬಾಣಂತಿ ತಡೆಯಲಾರದೆ ಅತ್ತುಬಿಟ್ಟಳು. “ನಮ್ಮ ಮನೆಯಲ್ಲಿ ಮಗ್ಗವೇ ಇದೆಯಲ್ಲ ಅಕ್ಕಾ, ಹೊಸದಕ್ಕೆ ಬರವೇ? ನೇಯುವವರ ಮನೆಯ ಕೂಸಿಗೆ ಹಳೇದು ಯಾಕೆ ಎಂದು ಮೊದಲಿನ ಎರಡಕ್ಕೂ ಹೊಸದನ್ನೇ ಹಾಕಿದ್ದೆ. ಎರಡನ್ನೂ ಅದೇ ಹೊಸ ಬಟ್ಟೆಯಲ್ಲಿ ಮಣ್ಣಿಗೆ ಕಳಿಸಿದೆ. ನಿಮ್ಮ ಮಗ ಬದುಕಿ ಬೆಳೆದ ಅಂಗಿ ಇದರ ಮೈಗೂ ಒಂದು ಸಲ ತಾಗಲಿ ಎಂದು ಕೇಳಿದೆ.”

ವ್ಯಾಪಾರಿಯ ಹೆಂಡತಿ ತಟ್ಟನೆ ಎದ್ದಳು. ಮನೆಗೆ ಬಂದು ಪೆಟ್ಟಿಗೆ ತೆಗೆದಳು. ಮೇಲಿನ ಚೆಂದದ ಅಂಗಿಯೊಂದನ್ನು ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ತಳದಲ್ಲಿ ಒಂದು ಅಂಗಿಯಿತ್ತು. ಒಗೆದೊಗೆದು ಬಣ್ಣ ಹೋಗಿತ್ತು. ಕೊರಳಲ್ಲಿ ಹಾಲಿನ ಕಲೆ, ಹೆಗಲಲ್ಲಿ ಅವಳೇ ಹಾಕಿದ ತೇಪೆ. ಮಗ ಮಗ್ಗುಲು ಹೊರಳಿದ್ದು, ಮೊದಲು ನಕ್ಕಿದ್ದು ಅದರಲ್ಲೇ. ಅದನ್ನು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಎದ್ದು ಹೋಗಿ ತನ್ನ ಕೈಯಾರೆ ಆ ಕೂಸಿಗೆ ತೊಡಿಸಿದಳು.

ಗುರುಗಳು ನಿಲ್ಲಿಸಿದರು.

“ಕೂಸು ಉಳಿಯಿತೇ ಬುದ್ಧಿ?” ಎಂದು ಚೆನ್ನವೀರಯ್ಯ ಕೇಳಿದ.

“ಉಳಿಯಿತಪ್ಪ. ಅಂಗಿಯಿಂದ ಉಳಿಯಿತು ಎಂದು ನಾನು ಹೇಳಲಾರೆ. ಆದರೆ ಅವತ್ತು ಆ ಬಾಣಂತಿ ಹೆದರಿಕೆಯಿಲ್ಲದೆ ನಿದ್ದೆ ಮಾಡಿದಳಲ್ಲ, ಅದು ಅಂಗಿಯಿಂದಲೇ. ಆಮೇಲೆ ಆ ಅಂಗಿ ಇನ್ನೆಷ್ಟು ಮನೆ ತಿರುಗಿತೋ!”

ಶಿಷ್ಯನಿಗೆ ಸಮಾಧಾನವಾಯಿತು. “ಹಾಗಾದರೆ ಹಳೆಯದನ್ನು ಕೊಟ್ಟರೂ ಪುಣ್ಯ ಉಂಟು ಎಂದಾಯಿತು,” ಎಂದ.

ಗುರುಗಳು ಸುಲಿದ ಕಾಳನ್ನು ಬುಟ್ಟಿಗೆ ಸುರಿದು ಅವನ ಮುಖ ನೋಡಿದರು.

“ನಿನ್ನ ಪುಣ್ಯ ಹಾಗಿರಲಿ, ದಿನಾ ನಿನ್ನ ಬಾಗಿಲಿಗೆ ಸೊಪ್ಪು ತರುತ್ತಾಳಲ್ಲ, ಆ ತಾಯಿಯ ಮಗುವಿನ ಹೆಸರೇನು, ಹೇಳು.”