ತೂಬಿನ ಗೋಡೆಯ ಹೊಟ್ಟೆಯೊಳಗೆ ಏನಿತ್ತು

ಎಲ್ಲರೂ ಕೂತಿರಾ? ಹಿಂದೆ ಗುಸುಗುಸು ಅನ್ನೋರು ಮುಂದೆ ಬನ್ನಿ. ನಾನು ಎರಡು ಸಲ ಹೇಳುವವಳಲ್ಲ.

ಏಳು ಗುಡ್ಡಗಳ ಆಚೆ ನೀಲಗೊಂಡ ಅಂತ ಒಂದು ರಾಜ್ಯ. ಅದಕ್ಕೆ ಮುದ್ದರಸ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ತಲೆದೂಗುತ್ತಿದ್ದ. ಎರಡು ಗುಡ್ಡದ ನಡುವೆ ಒಂದು ದೊಡ್ಡ ಕೆರೆ ಕಟ್ಟಿಸಬೇಕೆಂದು ಅವನಿಗೆ ಮನಸ್ಸಾಯಿತು. ಮಣ್ಣಿನ ಏರಿ ಎದ್ದಿತು. ಇನ್ನು ಉಳಿದದ್ದು ತೂಬು. ತೂಬು ಅಂದರೆ ಕೆರೆಯ ನೀರನ್ನು ಬೇಕಾದಾಗ ಹೊರಗೆ ಬಿಡುವ ಬಾಗಿಲು. ಅದರ ಸುತ್ತ ದಪ್ಪನೆಯ ಕಲ್ಲುಗೋಡೆ. ಏರಿ ಎಷ್ಟೇ ಗಟ್ಟಿ ಇರಲಿ, ಆ ಗೋಡೆ ಬಿಟ್ಟುಕೊಂಡರೆ ಕೆರೆ ಒಡೆದ ಹಾಗೆಯೇ. ಒಡೆದರೆ ನೀರು ನುಗ್ಗುವುದು ಎಲ್ಲಿಗೆ? ಏರಿಯ ಬುಡದಲ್ಲೇ ಇರುವ ಕೆಳಗೇರಿಗೆ. ಮುನ್ನೂರು ಮನೆಯ ಊರು ಅದು.

ಕೆಳಗೇರಿಯಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಗಾರೆ ಅರೆಯುವುದು ಅವಳ ಕಸುಬು. ಅವಳ ಮಗಳು ಆಗಷ್ಟೇ ಹೆತ್ತು ಬಾಣಂತಿಯಾಗಿ ಮನೆಯಲ್ಲಿ ಮಲಗಿದ್ದಳು.

ಗಾರೆ ಅಂದರೆ ಸುಮ್ಮನೆ ಅಂದುಕೊಂಡಿರಾ? ನಾನು ಚಿಕ್ಕವಳಾಗಿದ್ದಾಗ ಅದನ್ನು ಮಾಡುವುದು ನೋಡಿ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಿದ್ದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡುತ್ತಾರೆ. ಕಲ್ಲು ಬೆಂದು ಬೆಳ್ಳಗಾಗುತ್ತದೆ, ಹಗುರಾಗುತ್ತದೆ. ಅದರ ಮೇಲೆ ತಣ್ಣೀರು ಹುಯ್ದರೆ ಕೆಳಗೆ ಬೆಂಕಿ ಇಲ್ಲ, ಒಲೆ ಇಲ್ಲ, ಆದರೂ ಕೊತಕೊತ ಕುದಿಯುತ್ತದೆ! ಕುದಿದು ಕುದಿದು ಅರಳುತ್ತದೆ. ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದರೆ ಬೆಣ್ಣೆಯಂತಾಗುತ್ತದೆ. ಆಮೇಲೆ ಅದಕ್ಕೆ ಮರಳು ಬೇಕು, ಇಟ್ಟಿಗೆ ಪುಡಿ ಬೇಕು, ಬೆಲ್ಲದ ನೀರು ಬೇಕು, ಅಳಲೆಕಾಯಿ ನೆನೆಸಿದ ನೀರು ಬೇಕು. ಎಲ್ಲವನ್ನೂ ಗಾಣದ ದುಂಡನೆಯ ದೋಣಿಗೆ ಸುರಿದು, ಎತ್ತು ಕಟ್ಟಿ, ಕಲ್ಲಿನ ಗಾಲಿ ತಿರುಗಿಸಿ ತಿರುಗಿಸಿ ಅರೆಯಬೇಕು. ಅದನ್ನು ಎರಡು ಕಲ್ಲಿನ ನಡುವೆ ಇಟ್ಟರೆ ಅಲ್ಲೇ ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆ ಪುಡಿ ಸೇರಿದ್ದರಂತೂ ನೀರೊಳಗೆ ಮುಳುಗಿಸಿಟ್ಟರೂ ಕರಗುವುದಿಲ್ಲ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ನೆನೆಸಿಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ತೂಬಿನ ಕೆಲಸ ನೋಡಿಕೊಳ್ಳಲು ರಾಜ ಒಬ್ಬ ಪಾರುಪತ್ಯಗಾರನನ್ನು ಇಟ್ಟಿದ್ದ. ಹೆಸರು ದ್ಯಾವಣ್ಣ. ಮಾತು ಜೇನು, ಕೈ ಮಾತ್ರ ಉದ್ದ. ಆಗ ಅವನು ಗುಡ್ಡದ ಹಿಂದೆ ತನಗೊಂದು ಉಪ್ಪರಿಗೆ ಮನೆ ಕಟ್ಟಿಸಲು ಶುರುಮಾಡಿದ್ದ. ಕೆಂಚವ್ವ ಅರೆದ ಗಾರೆ ಮೂರು ಗಾಡಿ ಹೊರಟರೆ ಒಂದು ತೂಬಿಗೆ, ಎರಡು ಗುಡ್ಡದ ಹಿಂದಕ್ಕೆ. ಸುಣ್ಣವೂ ಹಾಗೇ, ಬೆಲ್ಲವೂ ಹಾಗೇ. ಗೋಡೆಯ ಹೊರಮೈಗೆ ಒಂದು ಮೊಳದಷ್ಟು ಒಳ್ಳೆಯ ಗಾರೆ ಹಾಕಿಸಿದ. ಒಳಗಿನ ಹೊಟ್ಟೆಗೆ ಕಲಸಿದ ಕೆಮ್ಮಣ್ಣು ತುಂಬಿಸಿದ. ಆ ಕೆಲಸಕ್ಕೆ ದೂರದೂರಿನ ಆಳುಗಳನ್ನು ಕರೆಸಿ, ಮುಗಿದ ದಿನವೇ ಅವರನ್ನು ಸಾಗಹಾಕಿದ. ಗೋಡೆ ನೋಡಲು ಹೇಗಿತ್ತು ಅಂತೀರಿ! ಬಿಸಿಲಿಗೆ ಥಳಥಳ. ರಾಜ ಬಂದು ನೋಡಿ ತಲೆದೂಗಿದ.

ಭರಣಿ ಮಳೆ ಒಂದು ಹನಿಸಿತು. ಮಾರನೆಯ ದಿನ ಕೆಂಚವ್ವ ತೂಬಿನ ಹತ್ತಿರ ಹಾದು ಹೋಗುವಾಗ ಗೋಡೆಯ ಬುಡದಲ್ಲಿ ಕೆಂಪು ನೀರು ಜಿನುಗುತ್ತಿತ್ತು. ಅವಳು ಬಗ್ಗಿ ಬೆರಳಿಗೆ ತಾಕಿಸಿ ನಾಲಿಗೆಗಿಟ್ಟಳು. ಹೊಸ ಗಾರೆಯ ನೀರಾಗಿದ್ದರೆ ಚುರ್ ಅನ್ನಬೇಕಿತ್ತು. ಅನ್ನಲಿಲ್ಲ. ಬರೀ ಮಣ್ಣು. ಅಲ್ಲಿಂದ ಅವಳು ತಿರುಗಿ ನೋಡಿದಳು. ಕೆಳಗೆ ಅವಳ ಮನೆಯ ಸೂರು ಕಾಣುತ್ತಿತ್ತು, ಬಾಣಂತಿಯ ನೀರೊಲೆಯ ಹೊಗೆ ಏಳುತ್ತಿತ್ತು.

ಕೆಂಚವ್ವ ಶಾನುಭೋಗನ ಹತ್ತಿರ ಓಡಿದಳು. ಅವನು ಕಿವಿಗೆ ಲೇಖನಿ ಸಿಕ್ಕಿಸಿಕೊಂಡು, "ಗೋಡೆ ವಿಷಯ ನಂಗೆ ಬರಲ್ಲವ್ವ" ಅಂದ. ದಳವಾಯಿಯ ಹತ್ತಿರ ಹೋದಳು. ಅವನು ಮೀಸೆ ಸವರಿ, "ವೈರಿ ಬಂದ್ರೆ ಹೇಳು" ಅಂದ. ಕೊನೆಗೆ ಸೀದಾ ರಾಜನ ಎದುರಿಗೇ ಹೋಗಿ ನಿಂತಳು.

"ಬುದ್ಧೀ, ಆ ಗೋಡೆ ಹೊಟ್ಟೇಲಿ ಸುಣ್ಣ ಇಲ್ಲ. ಮಣ್ಣಿದೆ. ಕೆಂಪು ನೀರು ಜಿನುಗ್ತಾ ಇದೆ."

ದ್ಯಾವಣ್ಣ ಪಕ್ಕದಲ್ಲೇ ಇದ್ದ. ನಕ್ಕುಬಿಟ್ಟ. "ಮಹಾಸ್ವಾಮಿ, ಗಾರೆಗೆ ಇಟ್ಟಿಗೆ ಪುಡಿ ಹಾಕಿದೀವಿ. ಕೆಂಪು ಜಿನುಗದೆ ಹಸಿರು ಜಿನುಗತ್ತಾ? ಅನುಮಾನ ಇದ್ರೆ ಗೋಡೆ ಒಡೆಸಿ ನೋಡಿ. ಆದ್ರೆ ಮೃಗಶಿರಾ ಮಳೆಗೆ ಇನ್ನು ಇಪ್ಪತ್ತೈದೇ ದಿನ. ಒಳ್ಳೇ ಗೋಡೆ ಒಡೆದು ಕೆರೆ ಹೋದ್ರೆ ನನ್ನನ್ನ ಕೇಳಬೇಡಿ."

ರಾಜ ಇಕ್ಕಟ್ಟಿಗೆ ಸಿಕ್ಕಿದ. ಒಡೆಸಿದರೆ ಒಂದು ಭಯ, ಬಿಟ್ಟರೆ ಒಂದು ಭಯ. ಸುಣ್ಣದ ರುಚಿ ಅವಳ ನಾಲಿಗೆಗೆ ಗೊತ್ತು, ರಾಜನ ನಾಲಿಗೆಗೆ ಗೊತ್ತಿಲ್ಲವಲ್ಲ!

ಕೆಂಚವ್ವ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಕೈಮುಗಿದಳು.

"ಒಡೆಸೋದು ಬೇಡ ಬುದ್ಧಿ. ನಮ್ಮ ಗಾರೆ ಕೆಲಸದೋರಲ್ಲಿ ಒಂದು ಪದ್ಧತಿ ಐತೆ. ತೂಬು ಕಟ್ಟಿಸಿದೋರು ಮೊದಲ ಮಳೆಗಾಲ ಅದರ ಕೆಳಗೇ ಸಂಸಾರ ಸಮೇತ ಇರಬೇಕು. ನಮ್ಮಪ್ಪ ಇದ್ದ, ನಮ್ಮಜ್ಜ ಇದ್ದ. ನಮ್ಮ ಮನೇಲೇ ಜಾಗ ಕೊಡ್ತೀನಿ. ಅಯ್ಯನೋರು ಬಂದು ಇರಲಿ."

ಸಭೆ ಹೌದು ಹೌದು ಅಂದಿತು. ದ್ಯಾವಣ್ಣನ ಮುಖದ ನಗು ಸ್ವಲ್ಪ ಕಮ್ಮಿಯಾಯಿತು.

"ನನಗೆ ಶೀತದ ಮೈ ಮಹಾಸ್ವಾಮಿ. ಕೆರೆ ಕೆಳಗಿನ ತೇವ ಆಗಿಬರಲ್ಲ."

"ಮನೇಲಿ ಬಾಣಂತಿ ಇದಾಳೆ ಅಯ್ಯ, ಮೂರು ಹೊತ್ತೂ ಬೆಂಕಿ ಇರತ್ತೆ" ಅಂದಳು ಕೆಂಚವ್ವ.

"ಹೊಸ ಮನೆ ಬಾಗಿಲು ನಿಲ್ಲಿಸೋಕೆ ಮುಹೂರ್ತ ಇಟ್ಟಿದೀನಿ."

"ಮುಂದಿನ ವರ್ಷಾನೂ ಮುಹೂರ್ತ ಇರತ್ತೆ."

"ಅರಮನೆ ಕೆಲಸ ಯಾರು ನೋಡ್ಕೋತಾರೆ?"

ಈ ಸಲ ರಾಜನೇ ಬಾಯಿಬಿಟ್ಟ. "ನಿನಗೆ ಮಳೆಗಾಲ ಪೂರ್ತಿ ರಜೆ ಕೊಟ್ಟಿದೀನಿ ದ್ಯಾವಣ್ಣ. ಯಾರಲ್ಲಿ? ಇವನ ಮನೆಯವರನ್ನ ಕರೆಸಿ."

ದ್ಯಾವಣ್ಣನ ಹೆಂಡತಿ ಚೆನ್ನಾಜಮ್ಮ ಬಂದಳು. ಕಂಕುಳಲ್ಲಿ ವರ್ಷ ತುಂಬದ ಮಗು. ಪಾಪ, ಅವಳಿಗೆ ಗಂಡನ ಆಟ ಒಂದೂ ಗೊತ್ತಿಲ್ಲ. ರಾಜ ವಿಷಯ ಹೇಳಿದ. ಅವಳ ಮುಖ ಅರಳಿತು.

"ಅದಕ್ಕೇನು ಮಹಾಸ್ವಾಮಿ? ನಮ್ಮ ಯಜಮಾನ್ರು ನಿಂತು ಕಟ್ಟಿಸಿದ ಗೋಡೆ. ನಾನು ಇವತ್ತೇ ಹೊರಡ್ತೀನಿ." ಕೆಂಚವ್ವನ ಕಡೆ ತಿರುಗಿ, "ಅವ್ವಾ, ನಿಮ್ಮ ಮನೆ ತೊಲೆ ಗಟ್ಟಿ ಇದೆಯಾ? ಇವನ ತೊಟ್ಟಿಲು ಕಟ್ಟಬೇಕು" ಅಂದಳು.

ಕೆಂಚವ್ವ ಮಗುವಿನ ಅಂಗಾಲನ್ನೊಮ್ಮೆ ಮುಟ್ಟಿದಳು. ಚೆನ್ನಾಜಮ್ಮ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟಳು. ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರನೆಯ ಹೆಜ್ಜೆಗೆ ದ್ಯಾವಣ್ಣ ಕಿರುಚಿದ.

"ಬೇಡ ಚೆನ್ನಿ! ಆ ಗೋಡೆ ಕೆಳಗೆ ಮಗೂನ ಕರ್ಕೊಂಡು ಹೋಗಬೇಡ!"

ಚೆನ್ನಾಜಮ್ಮ ನಿಂತಲ್ಲೇ ತಿರುಗಿ ಗಂಡನನ್ನು ನೋಡಿದಳು. ಆ ನೋಟ ತಡೆಯಲಾರದೆ ಅವನು ನೆಲಕ್ಕೆ ಕುಸಿದು ಕೂತ.

ಕೆಂಚವ್ವ ಗದರಲಿಲ್ಲ, ಶಾಪ ಹಾಕಲಿಲ್ಲ. "ಕೆಳಗೇರೀಲೂ ಮಕ್ಕಳಿದಾವೆ ಅಯ್ಯ" ಅಂದಳು, ಅಷ್ಟೇ.

ರಾಜನಿಗೆ ಇನ್ನು ಗೋಡೆ ಒಡೆಸಿ ನೋಡುವ ಅಗತ್ಯವೇ ಬೀಳಲಿಲ್ಲ, ಸರಿಮಾಡಲು ಒಡೆಸಿದ ಅಷ್ಟೇ. ಒಳಗಿಂದ ಬುಟ್ಟಿ ಬುಟ್ಟಿ ಕೆಮ್ಮಣ್ಣು ಬಂತು. ಆದರೆ ಹೊಸ ಗಾರೆಗೆ ಕೊಳೆತ ಸುಣ್ಣ ಎಲ್ಲಿ? ಹಸಿ ಸುಣ್ಣ ಹಾಕಿದರೆ ಗೋಡೆಯೊಳಗೇ ಅರಳಿ ಕಲ್ಲನ್ನು ಸೀಳಿಬಿಡುತ್ತದೆ. ತಿಂಗಳುಗಟ್ಟಲೆ ಕೊಳೆತ ಸುಣ್ಣ ಇಡೀ ರಾಜ್ಯದಲ್ಲಿ ಇದ್ದದ್ದು ಒಂದೇ ಕಡೆ. ಎಲ್ಲಿ ಹೇಳಿ? ಹಾಂ, ಗುಡ್ಡದ ಹಿಂದೆ! ದ್ಯಾವಣ್ಣನ ಉಪ್ಪರಿಗೆ ಮನೆಯ ಮೂರು ಗುಂಡಿಗಳಲ್ಲಿ ಬೆಣ್ಣೆಯಂಥ ಸುಣ್ಣ ತುಂಬಿತ್ತು. ಅವನ ಮನೆ ಮೊಳಕಾಲೆತ್ತರಕ್ಕೇ ನಿಂತಿತು, ಸುಣ್ಣ ತೂಬಿಗೆ ಬಂತು.

ಕೆಂಚವ್ವನ ಗಾಣ ಹಗಲೆಲ್ಲ ತಿರುಗಿತು. ಒಂದು ಜೊತೆ ಎತ್ತು ಸುಸ್ತಾದರೆ ಇನ್ನೊಂದು ಜೊತೆ, ಅದೂ ಸುಸ್ತಾದರೆ ಮತ್ತೊಂದು ಜೊತೆ. ಕೆಳಗೇರಿಯವರು ಕಲ್ಲು ಹೊತ್ತರು. ರಾಜ ಕಚ್ಚೆ ಕಟ್ಟಿ ಮರಳು ಜರಡಿ ಹಿಡಿದ. ದ್ಯಾವಣ್ಣ ಗಾರೆ ಬುಟ್ಟಿ ಹೊತ್ತ. ಸುಣ್ಣ ತಿಂದು ಅವನ ಅಂಗೈ ಸುಲಿಯಿತು. ಚೆನ್ನಾಜಮ್ಮ ಅದಕ್ಕೆ ಎಣ್ಣೆ ಸವರಿದಳು, ಮಾತು ಮಾತ್ರ ಆಡಲಿಲ್ಲ. ಆ ಮಳೆಗಾಲ ಅವರು ಕೆಳಗೇರಿಯಲ್ಲೇ ಒಂದು ಗುಡಿಸಲು ಹಾಕಿಕೊಂಡು ಇರಬೇಕೆಂದು ರಾಜನ ಅಪ್ಪಣೆಯಾಗಿತ್ತು.

ಮೃಗಶಿರಾ ಬಂತು, ಆರಿದ್ರಾ ಬಂತು, ಪುನರ್ವಸು ಬಂತು. ಕೆರೆ ಒಂದಾಳು ತುಂಬಿತು, ಎರಡಾಳು ತುಂಬಿತು, ಕೋಡಿ ಬಿತ್ತು. ಎರಡು ಗುಡ್ಡದ ನಡುವೆ ಒಂದು ಸಮುದ್ರವೇ ನಿಂತಿತು, ಮಕ್ಕಳೇ! ಅಷ್ಟು ನೀರಿಗೆ ಆ ಗೋಡೆ ಬೆನ್ನು ಕೊಟ್ಟು ನಿಂತಿತ್ತು. ಒಂದು ಹನಿ ಜಿನುಗಲಿಲ್ಲ. ಜನ ಏರಿಯ ಮೇಲೆ ನಿಂತು ನೋಡಿದರು. ಅವರ ಕೈ ತಾನಾಗಿ ಮುಗಿದುಕೊಂಡಿತು.

ದ್ಯಾವಣ್ಣನಿಗೆ ಆ ನಾಲ್ಕು ತಿಂಗಳೂ ಸರಿಯಾಗಿ ಅನ್ನ ಇಳಿದಿರಲಿಲ್ಲ. ಬೆಳಗಾದರೆ ತೂಬಿಗೆ ಓಡುತ್ತಿದ್ದ. ಗಾರೆಗೆ ಉಗುರು ಒತ್ತಿ ನೋಡುತ್ತಿದ್ದ. ಮೊದಮೊದಲು ಉಗುರು ಇಳಿಯುತ್ತಿತ್ತು, ಅವನ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಗೀರು ಮಾತ್ರ ಬೀಳುತ್ತಿತ್ತು. ಹಸ್ತ ಮಳೆಯ ಒಂದು ಬೆಳಿಗ್ಗೆ ಒತ್ತಿದಾಗ ಉಗುರೇ ಮುರಿಯಿತು, ರಕ್ತ ಬಂತು. ಅವನು ಆ ಬೆರಳು ಹಿಡಿದುಕೊಂಡು ಗುಡಿಸಲಿಗೆ ಓಡಿದ.

"ಚೆನ್ನಿ, ನೋಡೇ! ಕಲ್ಲಾಗಿದೆ! ನೀರೊಳಗೇ ಕಲ್ಲಾಗಿದೆ ಕಣೇ!" ಅನ್ನುತ್ತ ಹೊಸಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಚೆನ್ನಾಜಮ್ಮ ಆ ಬೆರಳಿಗೆ ಬಟ್ಟೆ ಸುತ್ತಿದಳು. ಆಮೇಲೆ ಮಗುವನ್ನು ತಂದು ಅವನ ತೊಡೆಯ ಮೇಲೆ ಕೂರಿಸಿ, "ಊಟಕ್ಕೆ ಏಳಿ" ಅಂದಳು. ಮಳೆಗಾಲ ಪೂರ್ತಿ ಮಾತು ಬಿಟ್ಟವಳು ಅವನ ಜೊತೆ ಆಡಿದ ಮೊದಲ ಮಾತು ಅದು.

ಇದರ ನೀತಿ ಏನು ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ಗೋಡೆಯ ಹೊರಮೈಯನ್ನು ಜನ ನೋಡುತ್ತಾರೆ, ಒಳಮೈಯನ್ನು ನೀರು ನೋಡುತ್ತದೆ. ಯಾರ ಕಣ್ಣಿಗೂ ಬೀಳದ ಕಡೆ ಮೋಸ ಮಾಡಬೇಡಿ. ಬೇರೆಯವರಿಗಾಗಿ ಏನು ಕಟ್ಟಿದರೂ, ನಿಮ್ಮ ಮಗುವನ್ನು ಅದರ ಕೆಳಗೆ ಮಲಗಿಸುವ ಧೈರ್ಯ ನಿಮಗಿದೆಯೇ ಅಂತ ಕೇಳಿಕೊಂಡು ಕಟ್ಟಿ.